ಮೂರು ಪಿಕಪ್ಪುಗಳ ಪಟ್ಟಿ ಮತ್ತು ವೃಷಭಾವತಿಯ ವಾಟ

ನನಗಾದ ಅನ್ಯಾಯವನ್ನು ಮೊದಲೇ ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ನಾನು ಮೂವತ್ತೊಂದು ವರ್ಷ ದುಡಿದ ಸಂಸ್ಥೆಯು, ನಾನೇ ತಪ್ಪೆಂದು ಒಪ್ಪಿಕೊಂಡು ಲಿಖಿತವಾಗಿ ಹಿಂತೆಗೆದುಕೊಂಡಿದ್ದ ಪಟ್ಟಿಯೊಂದನ್ನು ನನ್ನ ಸಹಿಯ ಸಮೇತ ತನ್ನ ಹೊಸ ಕೈಪಿಡಿಯಲ್ಲಿ ಅಚ್ಚು ಹಾಕಿಸಿದೆ. ಇಷ್ಟೇ ಆಗಿದ್ದರೆ ಮೂರು ಪತ್ರ ಬರೆದು ಸುಮ್ಮನಾಗುತ್ತಿದ್ದೆ. ಆದರೆ ಆ ಪಟ್ಟಿಯನ್ನು ಮುಂದಿಟ್ಟುಕೊಂಡು ಚಾಲಕರನ್ನು ಡೀಸೆಲ್ ಕಳ್ಳರೆಂದು ಕರೆಯಲಾಗುತ್ತಿದೆ. ಆ ಆರೋಪಕ್ಕೆ ಆಧಾರವಾಗಿ ನಿಂತಿರುವುದು ನನ್ನ ಸಹಿ.

ಇದು ನನಗೆ ತಿಳಿದದ್ದು ಬಸವೇಶ್ವರನಗರದ ನಮ್ಮ ಮನೆಯ ಗೇಟಿನ ಮುಂದೆ ಒಂದು ಬೆಳಿಗ್ಗೆ ಪಿಕಪ್ಪೊಂದು ಬಂದು ನಿಂತಾಗ. ಖಾಕಿ ಅಂಗಿ ತೊಟ್ಟ ಮೂವತ್ತೈದರ ಆಸುಪಾಸಿನ ಹೆಣ್ಣುಮಗಳೊಬ್ಬಳು ಇಳಿದು ಬಂದಳು.

"ಶ್ರೀಕಂಠಯ್ಯ ಅಂದ್ರೆ ನೀವೇನಾ ಸಾರ್?"

"ಹೌದು. ತಾವು?"

"ಮಂಜುಳಾ ಅಂತ. ನಿಮ್ ಹಳೇ ಕಂಪ್ನೀಲೇ ಗಾಡಿ ಓಡಿಸ್ತೀನಿ. ನಿಮ್ ದೆಸೆಯಿಂದ ನನಗೆ ಮೆಮೊ ಬಂದಿದೆ. ಲೀಟರಿಗೆ ಹದಿನೈದು ತೆಗ್ದಿದೀರಂತಲ್ಲ, ಆ ರೋಡ್ ಎಲ್ಲಿದೆ ಸಾರ್? ಒಂದ್ಸಲ ನನಗೂ ತೋರಿಸ್ಬಿಡಿ, ಪುಣ್ಯ ಬರುತ್ತೆ."

ನಾನು ಉತ್ತರ ಕೊಡುವ ಮೊದಲೇ ನನ್ನ ಹೆಂಡತಿ ಲಲಿತಾ ಒಳಗಿನಿಂದ ಕೂಗಿದಳು: "ಒಳಗೆ ಬಾರಮ್ಮ. ಕಾಫಿ ಕುಡಿದು ಬೈಯಿ. ನಿಂತ್ಕೊಂಡು ಬೈದ್ರೆ ಇವರಿಗೆ ಕೇಳಿಸಲ್ಲ."

ಮೆಮೊ ಓದಿದೆ. ಆಕೆಯ ಗಾಡಿ ಲೀಟರಿಗೆ ಹನ್ನೊಂದು ಕಿಲೋಮೀಟರು ಕೊಡುತ್ತಿದೆ; ಸಂಸ್ಥೆಯ ಮಾನದಂಡ ಹದಿನೈದು; ಉಳಿದ ಡೀಸೆಲ್ ಎಲ್ಲಿಗೆ ಹೋಯಿತೆಂದು ವಿಚಾರಣೆಯ ದಿನ ವಿವರಿಸದಿದ್ದರೆ ಕೆಲಸದಿಂದ ತೆಗೆಯಲಾಗುವುದು. ಅದಕ್ಕೆ ಲಗತ್ತಿಸಿದ್ದ ಹಾಳೆಯಲ್ಲಿ ನನ್ನ ಕೈಬರಹ, ನನ್ನ ಗೆರೆಗಳು, ಕೆಳಗೆ ಆ ಕಾಲದಲ್ಲಿ ನಾನು ಉದ್ದನೆಯ ಬಾಲ ಎಳೆದು ಹಾಕುತ್ತಿದ್ದ ಸಹಿ. ಹಾಳೆಯ ಎಡ ಮೂಲೆಯಲ್ಲಿ ಎರಡು ಸಣ್ಣ ಕಪ್ಪು ಚುಕ್ಕೆಗಳಿದ್ದವು. ಅವುಗಳ ಮಾತು ಕೊನೆಗೆ ಬರುತ್ತದೆ. ಓದುಗರು ಅವನ್ನು ಮರೆಯದಿರಲಿ, ನಾನಂತೂ ಮರೆಯುವವನಲ್ಲ.

ವಾಹನ ಪರೀಕ್ಷಕರ ಕೆಲಸಕ್ಕೆ ಈಗ ಸೇರುತ್ತಿರುವ ಯುವಕ ಯುವತಿಯರಿಗೆ ಈ ಕೆಲಸ ನಿಜವಾಗಿ ಹೇಗಿರುತ್ತದೆಂದು ತಿಳಿಯಲಿ ಎಂಬುದಕ್ಕಾಗಿಯೂ ಇದನ್ನು ಬರೆಯುತ್ತಿದ್ದೇನೆ. ಬಡ್ತಿಗಳ ವಿವರವನ್ನು ಬಿಡುತ್ತೇನೆ. ಅವು ತಡವಾಗಿ ಬಂದವೆಂಬುದನ್ನು ಮಾತ್ರ ದಾಖಲಿಸುತ್ತೇನೆ.

ನಮ್ಮದು ನಲ್ಲಿ, ಪೈಪು, ಟೈಲ್ಸು, ಕಮೋಡುಗಳನ್ನು ಅಂಗಡಿಗಳಿಗೆ ಸಾಗಿಸುವ ಸಂಸ್ಥೆ. ಗೋದಾಮು ರಾಜಾಜಿನಗರದ ಕೈಗಾರಿಕಾ ಪ್ರದೇಶದಲ್ಲಿತ್ತು. ಸಂಸ್ಥೆಯು ಯಾವ ಪಿಕಪ್ ಕೊಳ್ಳಬೇಕೆಂದು ಓಡಿಸಿ, ಹೋಲಿಸಿ, ಬರೆದುಕೊಡುವುದು ನನ್ನ ಕೆಲಸ. ಮೂರು ಸಂಗತಿಗಳನ್ನು ನೋಡಬೇಕಿತ್ತು: ಎಂಜಿನ್ ಭಾರ ಎಳೆಯುತ್ತದೆಯೇ, ಗಾಡಿ ದಾರಿಯಲ್ಲಿ ಕೈಕೊಡುತ್ತದೆಯೇ, ಎಷ್ಟು ಡೀಸೆಲ್ ಕುಡಿಯುತ್ತದೆ. ಕೇಳಲು ಸರಳ. ಮೂವತ್ತೊಂದು ವರ್ಷ ಮಾಡಿದ ಮೇಲೂ ನನಗೆ ಇದು ಸರಳವೆನಿಸಲಿಲ್ಲ.

ಡೀಸೆಲ್ ಅಳೆಯುವುದನ್ನೇ ತೆಗೆದುಕೊಳ್ಳಿ. ಟ್ಯಾಂಕನ್ನು ಕುತ್ತಿಗೆಯವರೆಗೆ ತುಂಬಿಸಿ ಹೊರಟು, ಹಿಂದಿರುಗಿ ಮತ್ತೆ ಕುತ್ತಿಗೆಯವರೆಗೆ ತುಂಬಿಸಿದರೆ ಎರಡನೆಯ ಸಲ ಹಿಡಿದಷ್ಟು ಡೀಸೆಲ್ ಖರ್ಚಾಗಿದೆಯೆಂದು ಲೆಕ್ಕ. ಆದರೆ ಟ್ಯಾಂಕಿನೊಳಗೆ ಗಾಳಿ ಸಿಕ್ಕಿಕೊಂಡಿರುತ್ತದೆ. ಒಮ್ಮೆ ತುಂಬಿಸಿ, ಗಾಡಿಯನ್ನು ಎರಡೂ ಬದಿಯಿಂದ ಅಲುಗಾಡಿಸಿ, ಗುಳ್ಳೆ ಇಳಿಯುವವರೆಗೆ ಕಾದು, ಮತ್ತೆ ತುಂಬಿಸಬೇಕು. ಬಂಕೂ ಅದೇ ಆಗಿರಬೇಕು, ಪಂಪೂ ಅದೇ ಆಗಿರಬೇಕು. ನಾವು ಹೋಗುತ್ತಿದ್ದ ಬಂಕಿನಲ್ಲಿ ಷಫಿ ಎಂಬುವರು ಪಂಪು ಹಿಡಿಯುತ್ತಿದ್ದರು. ಒಂದು ದಿನ ನಾನು ಅವರ ಬಂಕಿನ ನೆಲದ ಮೇಲೆ ನೀರು ಚೆಲ್ಲಿ ನೋಡುತ್ತಿದ್ದಾಗ ಅವರಿಗೆ ಗಾಬರಿಯಾಯಿತು.

"ಏನ್ ಸಾಬ್, ತೊಳೀತಾ ಇದೀರಾ?"

"ನಿಮ್ಮ ನೆಲಕ್ಕೆ ವಾಟ ಇದೆ ಷಫಿ. ಎರಡು ಬೆರಳಷ್ಟು. ಗಾಡಿ ಓರೆಯಾಗಿ ನಿಂತರೆ ಟ್ಯಾಂಕು ತುಂಬದೆಯೇ ತುಂಬಿದ ಹಾಗೆ ಕಾಣುತ್ತದೆ."

"ಅಲ್ಲಾ! ಹತ್ತು ವರ್ಷದಿಂದ ನಿಂತಿದೀನಿ ಇಲ್ಲಿ, ನಂಗೇ ಗೊತ್ತಿಲ್ಲ. ಅದಕ್ಕೇ ನನ್ ಎಡಗಾಲು ನೋಯ್ತದೆ!"

ಅಂದು ನಾಲ್ಕು ಚಕ್ರಗಳು ನಿಲ್ಲಬೇಕಾದ ಜಾಗಕ್ಕೆ ಹಳದಿ ಬಣ್ಣದಲ್ಲಿ ಗುರುತು ಹಾಕಿಸಿದೆ. ಮಾಲೀಕರು ಬೈದರು, ಗುರುತು ಉಳಿಯಿತು. ಆ ಎರಡು ಬೆರಳಿನ ವಾಟವನ್ನು ಕಂಡುಹಿಡಿದೆನೆಂದು ನಾನು ಬಹಳ ಕಾಲ ಬೀಗುತ್ತಿದ್ದೆ. ಆ ಬೀಗುವಿಕೆಗೆ ಮುಂದೆ ಸಿಕ್ಕ ಶಿಕ್ಷೆಯನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಭಾರಕ್ಕೆ ಮರಳಿನ ಮೂಟೆ ಹೇರುತ್ತಿದ್ದೆವು. ಒಂದು ವಾರ ಎರಡು ಗಾಡಿಗಳನ್ನು ಹೋಲಿಸಿ, ಎರಡನೆಯದು ದುರ್ಬಲವೆಂದು ಬರೆದುಕೊಟ್ಟೆ. ಆಮೇಲೆ ತಿಳಿಯಿತು, ನಡುವೆ ಮಳೆ ಬಂದು ಮೂಟೆಗಳು ನೆನೆದು ತೂಕ ಏರಿತ್ತು. ಬಡಪಾಯಿ ಗಾಡಿ ನೀರನ್ನೂ ಹೊತ್ತಿತ್ತು. ಅಂದಿನಿಂದ ಮರಳನ್ನು ಬಿಟ್ಟು ಒಡೆದ ಕಮೋಡುಗಳನ್ನು ಹೇರತೊಡಗಿದೆವು. ಅವು ನೀರು ಹೀರುವುದಿಲ್ಲ. ನಮ್ಮ ಗಾಡಿ ವಿಜಯನಗರದ ಮಾರ್ಗವಾಗಿ ಹೋಗುವಾಗ ಜನ ನಿಂತು ನೋಡುತ್ತಿದ್ದರು. ವಿಜ್ಞಾನಕ್ಕಾಗಿ ಒಂದಿಷ್ಟು ಅವಮಾನ ಸಹಿಸಬೇಕಾಗುತ್ತದೆ.

ನಂಬಿಕೆಗೆ ಅರ್ಹವಾದ ಗಾಡಿ ಯಾವುದೆಂದು ತಿಳಿಯಲು ಒಂದು ಪುಸ್ತಕ ಇಟ್ಟಿದ್ದೆ. ಗಾಡಿ ಎಲ್ಲಿ ನಿಂತಿತು, ಏಕೆ ನಿಂತಿತು, ತಳ್ಳಲು ಎಷ್ಟು ಜನ ಬೇಕಾಯಿತು ಎಂದು ಚಾಲಕರು ಬರೆಯಬೇಕು. ಕೊನೆಯ ಅಂಕಣವನ್ನು ಎಲ್ಲರೂ ನಕ್ಕು ತಳ್ಳಿಹಾಕಿದರು. ಆದರೆ ಒಬ್ಬರು ತಳ್ಳಿದರೆ ಹೊರಡುವ ಗಾಡಿಗೂ ಆರು ಜನ ತಳ್ಳಿದರೂ ಹೊರಡದ ಗಾಡಿಗೂ ಇರುವ ಅಂತರ ಯಾವ ಜಾಹೀರಾತಿನಲ್ಲೂ ಸಿಗುವುದಿಲ್ಲ.

ಮೇಲಧಿಕಾರಿಗಳ ವಿಷಯಕ್ಕೆ ಬರುತ್ತೇನೆ. ನನ್ನ ಕಾಲದ ಬಹುಪಾಲು ಜನರಲ್ ಮ್ಯಾನೇಜರ್ ಆಗಿದ್ದವರು ಸಂಪತ್. ಒಳ್ಳೆಯ ಮನುಷ್ಯರೆಂದು ಅವರ ಬೀಳ್ಕೊಡುಗೆಯಲ್ಲಿ ನಾನೇ ಮಾತನಾಡಿದ್ದೇನೆ. ಆದರೂ ತಮ್ಮ ಕೋಣೆಯಲ್ಲಿ ಎರಡು ಖಾಲಿ ಕುರ್ಚಿಗಳಿದ್ದಾಗಲೂ ಹದಿನಾಲ್ಕು ಸಲ ನನ್ನನ್ನು ನಿಲ್ಲಿಸಿ ಮಾತನಾಡಿಸಿದ್ದರು ಎಂಬುದೂ ಸತ್ಯ. ಒಮ್ಮೆ ಅವರು ವಿದೇಶಿ ಪತ್ರಿಕೆಯೊಂದನ್ನು ನನ್ನ ಮುಂದೆ ಎಸೆದರು. ಅದರಲ್ಲಿ ಅಮೆರಿಕದ ದೈತ್ಯ ಪಿಕಪ್ಪುಗಳ ಹೋಲಿಕೆ ಇತ್ತು. ಒಂದೊಂದರ ಬಾನೆಟ್ಟು ನನ್ನ ಎದೆಯ ಎತ್ತರ. ಎಂಟು ಸಿಲಿಂಡರಿನ ಎಂಜಿನ್ನು.

"ನೋಡ್ರೀ ಶ್ರೀಕಂಠಯ್ಯ, ಹೋಲಿಕೆ ಅಂದ್ರೆ ಹಿಂಗಿರ್ಬೇಕು. ಸೊನ್ನೆಯಿಂದ ನೂರು ಮುಟ್ಟೋಕೆ ಎಷ್ಟು ಸೆಕೆಂಡು ಅಂತ ಕೊಟ್ಟಿದಾರೆ. ನೀವು ಎಷ್ಟು ಜನ ತಳ್ಳಿದ್ರು ಅಂತ ಬರೀತೀರ."

"ಸಾರ್, ಮಾಗಡಿ ರಸ್ತೆಯಲ್ಲಿ ನೂರು ಮುಟ್ಟಬೇಕಾದರೆ ಮೊದಲು ಮಾಗಡಿ ರಸ್ತೆಯನ್ನು ಖಾಲಿ ಮಾಡಿಸಬೇಕು" ಎಂದೆ. ಅವರಿಗೆ ಕೋಪ ಬಂತು. ಅಂದು ಹೇಳಬೇಕೆಂದಿದ್ದ ಇನ್ನೊಂದು ಮಾತನ್ನು ಈಗ ಹೇಳುತ್ತೇನೆ: ಆ ಪತ್ರಿಕೆಯ ಗಾಡಿಗಳಲ್ಲಿ ಒಂದೂ ನಮ್ಮ ಗೋದಾಮಿನ ಗೇಟಿನೊಳಗೆ ತಿರುಗುತ್ತಿರಲಿಲ್ಲ. ನಾನು ಟೇಪು ಹಿಡಿದು ಅಳೆದಿದ್ದೇನೆ.

ಇನ್ನು ಆ ಮೂರು ಪಿಕಪ್ಪುಗಳು. ಸಂಸ್ಥೆ ಎಂಟು ಹೊಸ ಗಾಡಿಗಳನ್ನು ಕೊಳ್ಳಬೇಕಿತ್ತು. ಮೂರು ಕಂಪನಿಗಳು ಒಂದೊಂದು ಗಾಡಿಯನ್ನು ಪರೀಕ್ಷೆಗೆ ಕೊಟ್ಟವು. ನನ್ನ ವರದಿಯಲ್ಲಿ ಅವುಗಳಿಗೆ ಅ, ಆ, ಇ ಎಂದು ಹೆಸರಿಟ್ಟೆ. ಚಾಲಕರು ಒಂದೇ ದಿನದಲ್ಲಿ ಬೇರೆ ಹೆಸರಿಟ್ಟರು. ಮೊದಲನೆಯದು ದೊಡ್ಡಪ್ಪ. ಎಂಜಿನ್ ದೊಡ್ಡದು, ಬೆಳಿಗ್ಗೆ ಕೆಮ್ಮುತ್ತಿತ್ತು, ಹೊಗೆ ಬಿಡುತ್ತಿತ್ತು, ಆದರೆ ಯಾವ ಭಾರಕ್ಕೂ ಬೇಡವೆನ್ನುತ್ತಿರಲಿಲ್ಲ. ಎರಡನೆಯದು ಮದುಮಗ. ಎಂಜಿನ್ ಚಿಕ್ಕದು, ಮೈಯೆಲ್ಲ ಹೊಳಪು, ಕಾಗದದ ಮೇಲೆ ಹಾರ್ಸ್‌ಪವರ್ ಎಲ್ಲರಿಗಿಂತ ಹೆಚ್ಚು. ಮೂರನೆಯದು ಮೇಷ್ಟ್ರು. ನಡುವಿನ ಎಂಜಿನ್, ಬೂದು ಬಣ್ಣ, ಅವಸರವಿಲ್ಲ, ರಜೆಯೂ ಇಲ್ಲ. ಮೂರು ತಿಂಗಳಲ್ಲಿ ಮೇಷ್ಟ್ರನ್ನು ಯಾರೂ ಒಂದು ಸಲವೂ ತಳ್ಳಲಿಲ್ಲ.

ಪರೀಕ್ಷೆಯ ದಾರಿ ನಮ್ಮ ನಿತ್ಯದ ದಾರಿಯೇ. ರಾಜಾಜಿನಗರದಲ್ಲಿ ಭಾರ ಹೇರಿ, ವಿಜಯನಗರ ದಾಟಿ, ದೀಪಾಂಜಲಿ ನಗರದ ಬಳಿ ಮೈಸೂರು ರಸ್ತೆಗೆ ಇಳಿದು ಕೆಂಗೇರಿ ಮುಟ್ಟುವುದು. ಅಲ್ಲಿ ಸರಕು ಇಳಿಸಿ ಖಾಲಿ ಗಾಡಿಯಲ್ಲಿ ಮರಳುವುದು. ಗಾಡಿಗೆ ಹನ್ನೆರಡರಂತೆ ಮೂವತ್ತಾರು ಸಲ ಓಡಿಸಿದೆವು. ಮದುಮಗ ಲೀಟರಿಗೆ ಹದಿನೈದು ಕೊಟ್ಟ, ಮೇಷ್ಟ್ರು ಹದಿನಾಲ್ಕು, ದೊಡ್ಡಪ್ಪ ಹನ್ನೊಂದು. ನಾನು ಗೆರೆ ಎಳೆದು ಪಟ್ಟಿ ಬರೆದು, ಬಾಲವುಳ್ಳ ಸಹಿ ಹಾಕಿ, ಮದುಮಗನನ್ನು ಶಿಫಾರಸು ಮಾಡಿದೆ. ಎಂಟು ಮದುಮಗರು ಬಂದರು. ಚಾಲಕರು ಹೂವಿನ ಹಾರ ಹಾಕಿ, ನಾಲ್ಕು ಚಕ್ರದಡಿ ನಿಂಬೆಹಣ್ಣಿಟ್ಟು ಹೊರಡಿಸಿದರು.

ಎರಡು ವರ್ಷ ಯಾವ ತೊಂದರೆಯೂ ಬರಲಿಲ್ಲ. ಆಮೇಲೆ ಗೋದಾಮು ಕೆಂಗೇರಿಗೆ ಸ್ಥಳಾಂತರವಾಯಿತು; ಕಚೇರಿ ಮಾತ್ರ ರಾಜಾಜಿನಗರದಲ್ಲೇ ಉಳಿಯಿತು. ದಾರಿ ಅದೇ, ಗಾಡಿಗಳು ಅವೇ, ಚಾಲಕರು ಅವರೇ. ಈಗ ಕೆಂಗೇರಿಯಲ್ಲಿ ಹೇರಿ ರಾಜಾಜಿನಗರದ ಕಡೆಗೆ ಬರಬೇಕು, ಅಷ್ಟೇ ವ್ಯತ್ಯಾಸ. ಮೊದಲ ತಿಂಗಳಲ್ಲೇ ಮದುಮಗರ ಓಟ ಹನ್ನೊಂದಕ್ಕೆ ಕುಸಿಯಿತು. ಮೂರನೆಯ ತಿಂಗಳಲ್ಲಿ ಎರಡು ಕ್ಲಚ್ ಪ್ಲೇಟು ಸುಟ್ಟವು.

ಸಂಪತ್ ಅವರು ನನ್ನ ಪಟ್ಟಿಯನ್ನು ತರಿಸಿ ಚಾಲಕರಿಗೆ ಮೆಮೊ ಕೊಟ್ಟರು. ಮೊದಲನೆಯದು ರಂಗಣ್ಣನಿಗೆ. ಬಾಪೂಜಿ ನಗರದ ರಂಗಣ್ಣ ಇಪ್ಪತ್ತೆರಡು ವರ್ಷ ಸರಕು ಸಾಗಿಸಿಯೂ ಒಂದು ನಲ್ಲಿಯ ವಾಷರನ್ನೂ ಮನೆಗೆ ಒಯ್ಯದ ಮನುಷ್ಯ. ವಿಚಾರಣೆಯ ಕೋಣೆಯಲ್ಲಿ ನಾನು ತಜ್ಞನೆಂದು ಕುಳಿತಿದ್ದೆ. ಆ ದಿನ ಮಾತ್ರ ನನಗೆ ಕುರ್ಚಿ ಸಿಕ್ಕಿತ್ತು. ಅದೂ ನನ್ನ ನೆನಪಿನಲ್ಲಿದೆ.

"ಪಟ್ಟಿ ಹದಿನೈದು ಅನ್ನತ್ತೆ. ನಿನ್ ಗಾಡಿ ಹನ್ನೊಂದು ಅನ್ನತ್ತೆ. ಮಿಕ್ಕಿದ್ ಡೀಸೆಲ್ ಯಾರ್ ಕುಡಿದ್ರು?" ಎಂದು ಸಂಪತ್ ಕೇಳಿದರು.

"ಏರು ಕುಡೀತು ಸಾರ್" ಎಂದ ರಂಗಣ್ಣ.

"ಯಾವ ಏರು?"

"ಕೆಂಗೇರಿಯಿಂದ ಇಲ್ಲಿಗೆ ಪೂರ್ತಿ ಏರೇ ಅಲ್ವಾ ಸಾರ್? ಮೊದ್ಲು ತುಂಬಿದ ಗಾಡಿ ಇಳೀತಿತ್ತು, ಖಾಲಿ ಗಾಡಿ ಹತ್ತುತಿತ್ತು. ಈಗ ತುಂಬಿದ್ದೇ ಹತ್ತಬೇಕು."

ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ. "ರಂಗಣ್ಣ, ಮೈಸೂರು ರಸ್ತೆ ಸಮತಟ್ಟು. ನಾನು ಮೂವತ್ತಾರು ಸಲ ಓಡಾಡಿ ಬರೆದಿದ್ದೇನೆ" ಎಂದೆ.

ರಂಗಣ್ಣ ನನ್ನ ಕಡೆ ತಿರುಗಿದ. ಮುಖದಲ್ಲಿ ಕೋಪವಿರಲಿಲ್ಲ, ಕನಿಕರವಿತ್ತು. ಅದನ್ನು ನಾನು ಇನ್ನೂ ಕ್ಷಮಿಸಿಲ್ಲ.

"ನೀವು ರಸ್ತೆ ನೋಡಿದ್ರಿ ಸಾರ್. ಪಕ್ಕದ ಮೋರಿ ನೋಡ್ಲಿಲ್ಲ. ವೃಷಭಾವತಿ ನೀರು ಯಾವ ಕಡೆ ಹೋಗುತ್ತೆ? ಕೆಂಗೇರಿ ಕಡೆಗೆ. ನೀರಿಗೆ ಮೆಮೊ ಕೊಟ್ಟು ಮೇಲಕ್ಕೆ ಹತ್ಸಿ ನೋಡೋಣ."

ಸಂಪತ್ ಅವರು ಉದ್ಧಟತನವೆಂದು ಬರೆದುಕೊಂಡರು. ರಂಗಣ್ಣನಿಗೆ ಒಂದು ವಾರದ ಗಡುವು ಕೊಟ್ಟರು. ನನಗೂ ಸಿಟ್ಟು ಬಂದಿತ್ತು. ಆ ಭಾನುವಾರ ಬೆಳಿಗ್ಗೆ, ರಂಗಣ್ಣನ ಮಾತು ಸುಳ್ಳೆಂದು ಸಾಧಿಸಲು ಬಸ್ಸು ಹತ್ತಿ ನಾಯಂಡಹಳ್ಳಿಯಲ್ಲಿ ಇಳಿದು, ಮೂಗಿಗೆ ಕರವಸ್ತ್ರ ಹಿಡಿದು, ಮೋರಿಯಾಗಿಹೋದ ವೃಷಭಾವತಿ ನದಿಯ ಸೇತುವೆಯ ಮೇಲೆ ನಿಂತೆ. ಕೆಳಗೆ ಕಪ್ಪು ನೀರು, ಮೇಲೆ ಬಿಳಿ ನೊರೆ. ಕೈಯಲ್ಲಿದ್ದ ಬಸ್ ಟಿಕೆಟ್ಟನ್ನು ಬಿಟ್ಟೆ. ಅದು ಒಂದು ಸುತ್ತು ಸುತ್ತಿ, ಸ್ವಲ್ಪವೂ ಅನುಮಾನವಿಲ್ಲದೆ ಕೆಂಗೇರಿಯ ಕಡೆಗೆ ಹೊರಟಿತು.

ಬಂಕಿನ ನೆಲದ ಎರಡು ಬೆರಳಿನ ವಾಟವನ್ನು ನೀರು ಚೆಲ್ಲಿ ಕಂಡುಹಿಡಿದವನು ನಾನು. ಇಡೀ ಊರಿಗೇ ವಾಟವಿದೆಯೆಂದು, ಅದರ ಮೇಲೆ ಹಗಲಿರುಳು ನೀರು ಹರಿಯುತ್ತಲೇ ಇದೆಯೆಂದು ನನಗೆ ಹೊಳೆದಿರಲಿಲ್ಲ. ನನ್ನ ಪಕ್ಕದಲ್ಲಿ ನಿಂತಿದ್ದ ಸೊಪ್ಪಿನ ವ್ಯಾಪಾರಿಯೊಬ್ಬರು, "ಏನಾದ್ರೂ ಬಿದ್ದೋಯ್ತಾ ಸಾರ್?" ಎಂದು ಕೇಳಿದರು. "ಹೌದು" ಎಂದೆ. ಏನು ಬಿತ್ತೆಂದು ಹೇಳಲಿಲ್ಲ.

ಸೋಮವಾರ ಸಂಪತ್ ಅವರ ಕೋಣೆಗೆ ಹೋಗಿ, ನಿಂತುಕೊಂಡೇ, ನನ್ನ ಪರೀಕ್ಷೆ ತಪ್ಪಾಗಿದೆ, ಎಲ್ಲವನ್ನೂ ತಿರುವಿ ಮಾಡಬೇಕು ಎಂದೆ.

"ತಪ್ಪು ನಿಮ್ದೇ ಅಂತ ನೀವೇ ಬರ್ಕೊಡ್ತೀರಾ? ಯಾರ್ರೀ ಹಂಗೆ ಮಾಡ್ತಾರೆ?"

"ಅಳತೆ ಮಾಡುವವನು ಮಾಡಬೇಕಾಗುತ್ತದೆ ಸಾರ್."

ಅದೇ ವಾರ ಭಾರ ಹೇರಿಕೊಂಡು ಕೆಂಗೇರಿಯಿಂದ ಮೇಲಕ್ಕೆ ಓಡಿಸಿದೆವು. ಕಂಪನಿಗಳನ್ನು ಬೇಡಿಕೊಂಡು ದೊಡ್ಡಪ್ಪ, ಮೇಷ್ಟ್ರು ಎರಡನ್ನೂ ಮತ್ತೆ ತರಿಸಿದ್ದೆ. ಸ್ಟಿಯರಿಂಗು ಹಿಡಿದವನು ರಂಗಣ್ಣ, ಪಕ್ಕದಲ್ಲಿ ನಾನು. ದೀಪಾಂಜಲಿ ನಗರದಿಂದ ವಿಜಯನಗರಕ್ಕೆ ಹತ್ತುವ ಏರಿನಲ್ಲಿ ಮದುಮಗ ಎರಡನೆಯ ಗೇರಿಗೆ ಇಳಿದು, ಕಿರುಚಿ, ಬೆವರಿ, ಕ್ಲಚ್ಚಿನ ವಾಸನೆ ಬಿಟ್ಟ. ಮೇಷ್ಟ್ರು ಮೂರನೆಯ ಗೇರಿನಲ್ಲಿ ಪಾಠ ಹೇಳುವವರ ಹಾಗೆ ಒಂದೇ ದನಿಯಲ್ಲಿ ಹತ್ತಿದರು. ಓಟ ಹೀಗೆ ಬಂತು: ಮೇಷ್ಟ್ರು ಹನ್ನೆರಡೂವರೆ, ಮದುಮಗ ಹನ್ನೊಂದು, ದೊಡ್ಡಪ್ಪ ಹತ್ತು.

"ಈಗ ಡೀಸೆಲ್ ಯಾರ್ ಕುಡಿದ್ರು ಬರ್ಕೊಳ್ಳಿ ಸಾರ್. ನಾನೂ ಗಾಡೀಲೇ ಇದೀನಿ, ನೀವೂ ಇದೀರಿ. ಇಬ್ರೂ ಸೇರಿ ಕುಡಿದ್ವಿ ಅಂತ ಬರೀರಿ" ಎಂದು ರಂಗಣ್ಣ ಗಹಗಹಿಸಿ ನಕ್ಕ.

ಹೊಸಬರು ಇಲ್ಲೊಂದು ಮಾತು ಗಮನಿಸಬೇಕು. ಎಂಜಿನ್ನಿನ ಹಾರ್ಸ್‌ಪವರ್ ಎಷ್ಟೆಂದು ಓದಿ ಮರುಳಾಗಬೇಡಿ. ಎಳೆಯುವ ಶಕ್ತಿ ಎಂಜಿನ್ ಎಷ್ಟು ನಿಧಾನವಾಗಿ ಸುತ್ತುವಾಗ ಸಿಗುತ್ತದೆ ಎಂಬುದನ್ನು ನೋಡಿ. ಮದುಮಗನಿಗೆ ಶಕ್ತಿಯಿತ್ತು, ಆದರೆ ಓಡತೊಡಗಿದ ಮೇಲೆ ಬರುತ್ತಿತ್ತು. ಬೆಂಗಳೂರಿನಲ್ಲಿ ಓಡತೊಡಗುವಷ್ಟರಲ್ಲಿ ಸಿಗ್ನಲ್ಲು ಬೀಳುತ್ತದೆ. ಮೇಷ್ಟ್ರಿಗೆ ನಿಂತಲ್ಲಿಂದಲೇ ಶಕ್ತಿಯಿತ್ತು. ಅದಕ್ಕಿಂತ ಮುಖ್ಯವಾಗಿ, ಗಾಡಿಯನ್ನು ಹೋಲಿಸುವ ಮೊದಲು ದಾರಿಯನ್ನು ಹೋಲಿಸಿ: ಭಾರ ಯಾವ ಕಡೆಗೆ ಹೋಗುತ್ತದೆ, ನೆಲ ಯಾವ ಕಡೆಗೆ ಬಾಗಿದೆ. ಇವೆರಡನ್ನು ಬರೆಯದ ಪಟ್ಟಿ ಅರ್ಧ ಪಟ್ಟಿ.

ಹೊಸ ಪಟ್ಟಿ ಬರೆದೆ. ಹಳೆಯದು ರದ್ದಾಗಿದೆ, ಅದರ ಆಧಾರದ ಮೇಲೆ ಯಾವ ಚಾಲಕರನ್ನೂ ಪ್ರಶ್ನಿಸಬಾರದು ಎಂದು ಮೊದಲ ಸಾಲಿನಲ್ಲೇ ಬರೆದೆ. ಕೊನೆಯ ಸಾಲು: "ಈ ದೋಷವನ್ನು ಕಂಡುಹಿಡಿದವರು ಚಾಲಕ ಶ್ರೀ ರಂಗಣ್ಣ." ಸಂಪತ್ ಅವರು ಕನ್ನಡಕ ಏರಿಸಿದರು.

"ಡ್ರೈವರ್ ಹೆಸರು ರಿಪೋರ್ಟಲ್ಲಿ ಯಾಕ್ರೀ?"

"ಕಂಡುಹಿಡಿದವರು ಅವರು ಸಾರ್. ನಾನು ಸಹಿ ಮಾಡಿದವನು ಮಾತ್ರ."

ಕೊನೆಗೆ ಅವರೂ ಸಹಿ ಹಾಕಿದರು. ರಂಗಣ್ಣನ ಮೆಮೊ ರದ್ದಾಯಿತು. ನಾನು ಹಳೆಯ ಪಟ್ಟಿಯನ್ನು ಕೆಳಗಿಟ್ಟು, ಹೊಸದನ್ನು ಅದರ ಮೇಲಿಟ್ಟು, ಎಡ ಮೂಲೆಗೆ ಸ್ಟೇಪ್ಲರ್ ಪಿನ್ನು ಹೊಡೆದು ಕಡತಕ್ಕೆ ಸೇರಿಸಿದೆ. ಒಂದು ಕಾರ್ಬನ್ ಪ್ರತಿಯನ್ನು ಮನೆಗೆ ತಂದೆ. ಇಂತಹ ಪ್ರತಿಗಳಿಂದ ನಮ್ಮ ಅಟ್ಟ ತುಂಬಿದೆಯೆಂದು ಲಲಿತಾ ಮೂವತ್ತು ವರ್ಷ ಬೈಯುತ್ತಿದ್ದಳು. ಈಗ ಬೈಯುವುದಿಲ್ಲ.

ನನ್ನ ನಿವೃತ್ತಿಯ ದಿನದ ಸಮಾರಂಭವನ್ನೂ ದಾಖಲಿಸಬೇಕು. ಹೊಸದಾಗಿ ಬಂದ ಗಾಡಿಯೊಂದರ ಮುಂದೆ ಶಾಲು ಹೊದಿಸಿ ಛಾಯಾಚಿತ್ರ ತೆಗೆದರು. ಛಾಯಾಗ್ರಾಹಕರು, "ಸಾರ್, ಸ್ವಲ್ಪ ಪಕ್ಕಕ್ಕೆ ಬನ್ನಿ, ಗಾಡಿ ಕಾಣ್ತಿಲ್ಲ" ಎಂದರು. ನನ್ನ ಬೀಳ್ಕೊಡುಗೆಯ ಚಿತ್ರದಲ್ಲಿ ಗಾಡಿ ಪೂರ್ತಿ ಇದೆ, ನಾನು ಮುಕ್ಕಾಲು ಇದ್ದೇನೆ.

ಅನಂತರ ಕಾಲ ಬದಲಾಯಿತು. ಈಗ ಟ್ಯಾಂಕಿನಲ್ಲೇ ಅಳತೆಯ ಯಂತ್ರವಿದೆ. ಗಾಡಿ ಎಲ್ಲಿದೆ, ಎಷ್ಟು ಕುಡಿಯಿತು ಎಂಬುದು ಕಚೇರಿಯ ಪರದೆಯ ಮೇಲೆ ಮೂಡುತ್ತದೆ. ಇದನ್ನು ನಾನು ದೂರುವುದಿಲ್ಲ. ಷಫಿಯವರ ಎಡಗಾಲಿಗಿಂತ ಇದು ನಿಖರ. ಆದರೆ ಆ ಪರದೆಗೆ ಹೋಲಿಸಿ ನೋಡಲು ಒಂದು ಮಾನದಂಡ ಬೇಕಾಯಿತು. ಕೇಂದ್ರ ಕಚೇರಿಯಲ್ಲಿ ಯಾರೋ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡಿದರು. ಹದಿನೈದು ಎಂಬ ಅಂಕಿ ಅವರ ಕಣ್ಣಿಗೆ ಚೆಂದ ಕಂಡಿತು. ಕೈಪಿಡಿಯಲ್ಲಿ ನನ್ನ ರದ್ದಾದ ಪಟ್ಟಿ ಪ್ರಕಟವಾಯಿತು. ಅದನ್ನು ನಂಬಿ ಮದುಮಗನ ವಂಶದ ಹೊಸ ಗಾಡಿಗಳನ್ನೇ ಕೊಂಡರು. ಅದೇ ಚಿಕ್ಕ ಎಂಜಿನ್ನು, ಹೆಚ್ಚಿನ ಹೊಳಪು. ಆ ಗಾಡಿಯೊಂದನ್ನು ಮಂಜುಳಾ ದಿನವೂ ಕೆಂಗೇರಿಯಿಂದ ಮೇಲಕ್ಕೆ ಓಡಿಸುತ್ತಾಳೆ.

ಇದನ್ನೆಲ್ಲ ಕೇಳಿ ಆಕೆ ಲೋಟ ಕೆಳಗಿಟ್ಟಳು. "ಅಂದ್ರೆ ಸಾರ್, ನೀವು ಹದಿನೈದು ತೆಗ್ದಿದ್ದು ಇಳಿಜಾರಲ್ಲಿ?"

"ಹೌದು."

"ಇಳಿಜಾರಲ್ಲಿ ನಮ್ಮಜ್ಜಿನೂ ಹದಿನೈದು ತೆಗೀತಾಳೆ ಬಿಡಿ."

ಲಲಿತಾ ಅಡುಗೆಮನೆಯಲ್ಲಿ ನಕ್ಕ ಸದ್ದು ಕೇಳಿಸಿತು. ಅದನ್ನೂ ದಾಖಲಿಸುತ್ತೇನೆ.

ಬಾಪೂಜಿ ನಗರಕ್ಕೆ ಹೋಗಿ ರಂಗಣ್ಣನಿಗೆ ವಿಷಯ ತಿಳಿಸಿದೆ. ಈಗ ಮಂಡಿ ನೋವು, ಕೂದಲು ಪೂರ್ತಿ ಬೆಳ್ಳಗೆ, ನಗು ಮಾತ್ರ ಹಾಗೆಯೇ ಇದೆ. "ಬಿಡಿ ಸಾರ್, ಪುಸ್ತಕದಲ್ಲಿ ನನ್ ಹೆಸರು ಬಂದ್ರೆ ಮಂಡಿ ನೋವು ಹೋಗುತ್ತಾ?" ಎಂದ. ಆ ಹೆಣ್ಣುಮಗಳ ಕೆಲಸ ಹೋಗುತ್ತದೆ ಎಂದೆ. ಎದ್ದು ಚಪ್ಪಲಿ ಹುಡುಕತೊಡಗಿದ.

ವಿಚಾರಣೆಯ ದಿನ ಮಂಜುಳಾ ಜೊತೆ ನಾವಿಬ್ಬರೂ ಕೆಂಗೇರಿ ಗೋದಾಮಿಗೆ ಹೋದೆವು. ಈಗಿನ ಮ್ಯಾನೇಜರ್ ಅನಿರುದ್ಧ್ ಎಂಬ ತರುಣ. ಮೂವರಿಗೂ ಕುರ್ಚಿ ಹಾಕಿಸಿದರು, ಒಪ್ಪುತ್ತೇನೆ. ಆದರೆ ನನ್ನನ್ನು "ಅಂಕಲ್" ಎಂದರು.

"ಅಂಕಲ್, ನಿಮ್ ಪಟ್ಟಿ ಸೂಪರ್. ನಮ್ಮ ಸಿಸ್ಟಮ್ ಪೂರ್ತಿ ಅದರ ಮೇಲೇ ನಿಂತಿದೆ."

"ಆ ಪಟ್ಟಿ ತಪ್ಪು. ರದ್ದು ಮಾಡಿದ ಹಾಳೆ ಇಲ್ಲಿದೆ" ಎಂದು ಕಾರ್ಬನ್ ಪ್ರತಿಯನ್ನು ಅವರ ಮುಂದಿಟ್ಟೆ.

ಅವರು ಅದನ್ನು ತಿರುಗಿಸಿ ನೋಡಿದರು. "ಆದ್ರೆ ಇದು ಸಿಸ್ಟಮ್ಮಲ್ಲಿ ಇಲ್ವಲ್ಲ ಅಂಕಲ್?"

ರಂಗಣ್ಣ ಮಂಡಿ ಹಿಡಿದುಕೊಂಡು ಎದ್ದು ಕಿಟಕಿಯ ಬಳಿ ಹೋದ. ಗೋದಾಮಿನ ಹಿಂದೆಯೇ ವೃಷಭಾವತಿ ಹರಿಯುತ್ತದೆ. "ಸಾರ್, ಒಂದ್ನಿಮಿಷ ಇಲ್ಲಿ ಬನ್ನಿ. ಈ ನೀರು ಎಲ್ಲಿಂದ ಬರ್ತಾ ಇದೆ?"

"ಸಿಟಿಯಿಂದ."

"ತಾನಾಗೇ ಬರ್ತಾ ಇದೆಯಾ, ಯಾರಾದ್ರೂ ತಳ್ತಾ ಇದಾರಾ?"

"ತಾನಾಗೇ."

"ಹಂಗಾದ್ರೆ ಸಿಟಿ ಮೇಲಿದೆ, ನೀವು ಕೆಳಗಿದೀರ. ಈಯಮ್ಮ ದಿನಾ ನಿಮ್ ಕಮೋಡ್ ಹೊತ್ಕೊಂಡು ಮೇಲಕ್ಕೆ ಹತ್ತುತಾಳೆ. ನೀರು ಹೋಗೋ ದಿಕ್ಕಲ್ಲಿ ತೆಗೆದ ಲೆಕ್ಕ ಇವಳಿಗೆ ಹಾಕ್ತೀರಾ?"

ಅನಿರುದ್ಧ್ ಕಿಟಕಿಯಾಚೆ ಬಗ್ಗಿ ನೀರು ಹೋಗುವ ದಿಕ್ಕು ನೋಡಿದರು. ಮಂಜುಳಾ ನೆಲ ನೋಡುತ್ತ ನಗು ತಡೆದುಕೊಳ್ಳುತ್ತಿದ್ದಳು. ಕೊನೆಗೆ ಅವರು, "ಛೇ, ನಾನು ದಿನಾ ಇದೇ ರೋಡಲ್ಲಿ ಬರ್ತೀನಿ" ಎಂದರು. "ನಾನೂ ಬಂದಿದ್ದೆ" ಎಂದೆ. ಆ ಕ್ಷಣ ಅವರ ಮೇಲೆ ನನಗೆ ಸ್ವಲ್ಪ ಪ್ರೀತಿಯೇ ಬಂತು.

ಮಂಜುಳಾಳ ಮೆಮೊವನ್ನು ಅಲ್ಲೇ ಹಿಂತೆಗೆದುಕೊಂಡರು. ಆಕೆ ನಮ್ಮಿಬ್ಬರನ್ನೂ ತನ್ನ ಪಿಕಪ್ಪಿನಲ್ಲೇ ಮನೆಗೆ ಬಿಟ್ಟಳು. ದೀಪಾಂಜಲಿ ನಗರದ ಏರಿನಲ್ಲಿ ಗಾಡಿ ಎರಡನೆಯ ಗೇರಿಗೆ ಇಳಿದು ಕಿರುಚಿದಾಗ ರಂಗಣ್ಣ, "ವಂಶದ ಬುದ್ಧಿ!" ಎಂದು ಡ್ಯಾಶ್‌ಬೋರ್ಡು ತಟ್ಟಿದ. ಬಹಳ ವರ್ಷಗಳ ಮೇಲೆ ನಾನೂ ರಂಗಣ್ಣನೂ ಸೇರಿ ಅಷ್ಟು ಜೋರಾಗಿ ನಕ್ಕದ್ದು ಅಂದೇ. ಮಂಜುಳಾಗೆ ಅದು ಮೊದಲ ಸಲವಾದರೂ ನಮ್ಮಷ್ಟೇ ನಕ್ಕಳು.

ಆದರೆ ಪಟ್ಟಿ ಹೋಗಿಲ್ಲ. ಕೈಪಿಡಿಯನ್ನು ತಿದ್ದುವುದು ಕೇಂದ್ರ ಕಚೇರಿಯವರ ಕೆಲಸವಂತೆ. ನನ್ನ ಮೂರು ಪತ್ರಗಳಿಗೂ "ಗಮನಿಸಲಾಗಿದೆ" ಎಂಬ ಒಂದೇ ಪದ ಉತ್ತರವಾಗಿ ಬಂದಿದೆ. ಇನ್ನೂ ಕೆಲವು ಚಾಲಕರ ಕೈಯಲ್ಲಿ ಮೆಮೊ ಇದೆ. ಅವರೊಬ್ಬೊಬ್ಬರ ಪರವಾಗಿಯೂ ಮಂಡಿ ಹಿಡಿದುಕೊಂಡು ಕಿಟಕಿಯವರೆಗೆ ನಡೆಯಲು ರಂಗಣ್ಣನಿಗೆ ಆಗುವುದಿಲ್ಲ.

ಆದ್ದರಿಂದ ಆ ಎರಡು ಕಪ್ಪು ಚುಕ್ಕೆಗಳ ಮಾತು. ಅವು ನಾನು ಹೊಡೆದ ಪಿನ್ನಿನ ತೂತುಗಳು. ರಂಗಣ್ಣನ ಹೆಸರಿದ್ದ ಹಾಳೆ ಮೇಲಿತ್ತು, ರದ್ದಾದ ಹಾಳೆ ಅದರ ಕೆಳಗಿತ್ತು. ಮೇಲಿನದನ್ನು ಕೀಳದೆ ಕೆಳಗಿನದನ್ನು ಯಂತ್ರಕ್ಕೆ ಒಡ್ಡುವುದು ಸಾಧ್ಯವೇ ಇಲ್ಲ. ಕೇಂದ್ರ ಕಚೇರಿಯ ಮಹನೀಯರೇ, ಆ ಪಿನ್ನನ್ನು ಕೀಳಿಸಿದಾಗ ಮೇಲಿನ ಹಾಳೆಯನ್ನು ನೀವು ಓದಿದ್ದಿರೋ, ಓದಿರಲಿಲ್ಲವೋ?